ಟೈಮಿಂಗ್ ಚೈನ್ ಸವೆತ: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಳಿಗ್ಗೆ ಮೊದಲ ಸಲ ಸ್ಟಾರ್ಟ್ ಮಾಡಿದಾಗ ಬಾನೆಟ್ಟಿನ ಕೆಳಗೆ ಎರಡು ಸೆಕೆಂಡು ಗರಗರ ಸದ್ದು ಬಂದು ತಾನಾಗಿ ಅಡಗುತ್ತದೆ. ಆಮೇಲೆ ದಿನವಿಡೀ ಗಾಡಿ ಸುಮ್ಮನೆ ಓಡುತ್ತದೆ. ಟೈಮಿಂಗ್ ಚೈನ್ ಬಗ್ಗೆ ಜನ ಕೇಳುವ ಪ್ರಶ್ನೆಗಳೆಲ್ಲ ಹೆಚ್ಚುಕಡಿಮೆ ಈ ಎರಡು ಸೆಕೆಂಡಿನಿಂದಲೇ ಶುರುವಾಗುತ್ತವೆ.

ಟೈಮಿಂಗ್ ಚೈನ್ ಮಾಡುವ ಕೆಲಸವೇನು?

ಪಿಸ್ಟನ್‌ಗಳು ತಿರುಗಿಸುವ ಕ್ರ್ಯಾಂಕ್ ಶಾಫ್ಟ್ ಎಂಜಿನ್ನಿನ ತಳದಲ್ಲಿದೆ. ವಾಲ್ವ್‌ಗಳನ್ನು ತೆರೆಯುವ ಕ್ಯಾಮ್ ಶಾಫ್ಟ್ ಮೇಲೆ ಹೆಡ್ಡಿನಲ್ಲಿದೆ. ಇವೆರಡೂ ಲೆಕ್ಕ ತಪ್ಪದೆ ತಿರುಗುವಂತೆ ಕಟ್ಟಿಹಾಕಿರುವುದು ಚೈನ್. ಕ್ರ್ಯಾಂಕ್ ಎರಡು ಸುತ್ತು ಹೋದಾಗ ಕ್ಯಾಮ್ ಒಂದು ಸುತ್ತು ಹೋಗಬೇಕು. ಎಂಜಿನ್ 3000 ಆರ್‌ಪಿಎಂನಲ್ಲಿ ಓಡುವಾಗ ಪ್ರತಿಯೊಂದು ವಾಲ್ವೂ ಸೆಕೆಂಡಿಗೆ 25 ಸಲ ತೆರೆದು ಮುಚ್ಚುತ್ತದೆ, ಅದೂ ಪಿಸ್ಟನ್ ಮೇಲೆ ಬಂದು ತಾಗುವ ಮೊದಲೇ ಸರಿದುಕೊಳ್ಳಬೇಕು. ಈ ತಾಳ ತಪ್ಪಿದರೆ ಮೊದಲು ಎಂಜಿನ್ನಿನ ಶಕ್ತಿ ಕುಗ್ಗುತ್ತದೆ. ಇನ್ನೂ ತಪ್ಪಿದರೆ ಎಂಜಿನ್ನೇ ಹೋಗುತ್ತದೆ.

ನನ್ನ ಗಾಡಿಯಲ್ಲಿರುವುದು ಚೈನೋ ಬೆಲ್ಟೋ, ಹೇಗೆ ಗೊತ್ತಾಗುತ್ತದೆ?

ಓನರ್ಸ್ ಮ್ಯಾನ್ಯುಯಲ್ಲಿನ ಸರ್ವಿಸ್ ಪಟ್ಟಿ ನೋಡಿ. ಇಷ್ಟು ಕಿಲೋಮೀಟರಿಗೆ ಟೈಮಿಂಗ್ ಬೆಲ್ಟ್ ಬದಲಿಸಿ ಎಂದಿದ್ದರೆ ಬೆಲ್ಟ್. ಏನೂ ಹೇಳದಿದ್ದರೆ ಬಹುಮಟ್ಟಿಗೆ ಚೈನ್. ಎಂಜಿನ್ನಿನ ಪಕ್ಕದಲ್ಲಿ ಹಗುರವಾದ ಪ್ಲಾಸ್ಟಿಕ್ ಮುಚ್ಚಳವಿದ್ದರೆ ಒಳಗೆ ಒಣ ಬೆಲ್ಟ್ ಇರುತ್ತದೆ. ಚೈನ್ ಆಯಿಲ್‌ನಲ್ಲಿ ನೆನೆದು ಓಡುವುದರಿಂದ ಆಯಿಲ್ ಸೋರದಂತೆ ಬಿಗಿದ ಲೋಹದ ಕವರ್ ಬೇಕಾಗುತ್ತದೆ. ಕೆಲವು ಎಂಜಿನ್‌ಗಳಲ್ಲಿ ಬೆಲ್ಟೇ ಆಯಿಲ್‌ನಲ್ಲಿ ಓಡುತ್ತದೆ, ಹೊರಗಿನಿಂದ ಚೈನ್ ಎಂಜಿನ್ನಿನಂತೆಯೇ ಕಾಣುತ್ತದೆ. ಹಾಗಾಗಿ ಅನುಮಾನ ಬಂದರೆ ಎಂಜಿನ್ ಕೋಡ್ ಹೇಳಿ ಬಿಡಿಭಾಗಗಳ ಪಟ್ಟಿಯಲ್ಲಿ ನೋಡಿಸುವುದೇ ಸರಿ.

"ಚೈನ್ ಎಂಜಿನ್ನಿನಷ್ಟೇ ಬಾಳುತ್ತದೆ, ಮುಟ್ಟುವ ಹಾಗೇ ಇಲ್ಲ" ಅಂತಾರಲ್ಲ?

ಆ ಮಾತಿಗೆ ಒಂದು ಷರತ್ತಿದೆ, ಅದನ್ನು ಯಾರೂ ಜೋರಾಗಿ ಹೇಳುವುದಿಲ್ಲ. ಹೊತ್ತಿಗೆ ಸರಿಯಾಗಿ ಸರಿಯಾದ ಆಯಿಲ್ ಸಿಕ್ಕರೆ ಮಾತ್ರ ಅಷ್ಟು ಬಾಳುತ್ತದೆ. ಮೂರು ಲಕ್ಷ ಕಿಲೋಮೀಟರ್ ಓಡಿದ ಮೇಲೂ ಅಲುಗಾಡದ ಚೈನ್‌ಗಳಿವೆ, ಒಂದು ಲಕ್ಷ ಮುಟ್ಟುವ ಮೊದಲೇ ಜೋತುಬಿದ್ದವೂ ಇವೆ. ಇನ್ನೊಂದು ಮಾತು: ಚೈನ್ ಎಂಜಿನ್ನಿನಷ್ಟೇ ಬಾಳುತ್ತದೆ ಎನ್ನುವುದು ಒಂದು ರೀತಿಯಲ್ಲಿ ಯಾವಾಗಲೂ ನಿಜ. ಚೈನ್ ಹೋದ ದಿನವೇ ಎಂಜಿನ್ನೂ ಹೋಗುತ್ತದಲ್ಲ!

ಉಕ್ಕಿನ ಚೈನ್ ಉದ್ದವಾಗುವುದು ಹೇಗೆ? ರಬ್ಬರಿನ ಹಾಗೆ ಹಿಗ್ಗುತ್ತದೆಯೇ?

ಹಿಗ್ಗುವುದಿಲ್ಲ. ಗ್ಯಾರೇಜಿನಲ್ಲಿ "ಚೈನ್ ಸ್ಟ್ರೆಚ್ ಆಗಿದೆ" ಅನ್ನುತ್ತಾರೆ, ಆದರೆ ತಟ್ಟೆಗಳು ಎಳೆದು ಉದ್ದವಾಗಿರುವುದಿಲ್ಲ. ಸವೆತ ಇರುವುದು ಕೀಲುಗಳಲ್ಲಿ. ಪ್ರತಿ ಲಿಂಕಿನ ಪಿನ್ನೂ ಅದರ ಸುತ್ತಲಿನ ಬುಷ್ಷೂ ಉಜ್ಜಿಕೊಂಡು ಒಂದಿಷ್ಟು ಸಂದು ಬಿಡುತ್ತವೆ.

ಒಂದು ಲೆಕ್ಕ ಮಾಡೋಣ. ಒಂದು ಲಿಂಕಿನ ಅಳತೆ 8 ಮಿಲಿಮೀಟರ್, ಚೈನ್‌ನಲ್ಲಿ 150 ಲಿಂಕ್ ಅಂದುಕೊಳ್ಳಿ. ಒಟ್ಟು ಉದ್ದ 1200 ಮಿಲಿಮೀಟರ್. ಪ್ರತಿ ಕೀಲಿನಲ್ಲಿ 0.02 ಮಿಲಿಮೀಟರ್ ಸವೆದರೆ, ಅದು ಒಂದು ತಲೆಗೂದಲಿನ ದಪ್ಪವೂ ಇಲ್ಲ, ಆದರೂ ಇಡೀ ಚೈನ್ 3 ಮಿಲಿಮೀಟರ್ ಉದ್ದವಾಗುತ್ತದೆ. ಹನಿಗೂಡಿ ಹಳ್ಳ ಅನ್ನುವುದು ಇದಕ್ಕೇ. ಕ್ರ್ಯಾಂಕಿನಿಂದ ಕ್ಯಾಮ್‌ವರೆಗಿನ ಬಿಗಿ ಬದಿಯಲ್ಲಿ 50 ಲಿಂಕ್ ಇದ್ದರೆ ಅಲ್ಲಿ 1 ಮಿಲಿಮೀಟರ್ ಹೆಚ್ಚಿತು. 40 ಹಲ್ಲಿನ ಕ್ಯಾಮ್ ಸ್ಪ್ರಾಕೆಟ್ಟಿಗೆ, ಅಂದರೆ ಚೈನ್ ಕೂರುವ ಹಲ್ಲಿನ ಗಾಲಿಗೆ, ಅದು ಸುಮಾರು ಒಂದು ಡಿಗ್ರಿ, ಕ್ರ್ಯಾಂಕಿನ ಲೆಕ್ಕದಲ್ಲಿ ಎರಡು ಡಿಗ್ರಿಗೂ ಸ್ವಲ್ಪ ಮೇಲೆ. ಅಷ್ಟರಮಟ್ಟಿಗೆ ಕ್ಯಾಮ್ ಹಿಂದೆ ಬೀಳುತ್ತದೆ, ವಾಲ್ವ್‌ಗಳು ತಡವಾಗಿ ತೆರೆದು ತಡವಾಗಿ ಮುಚ್ಚುತ್ತವೆ.

ಕೀಲುಗಳು ಎಷ್ಟು ಸಲ ಮಡಚಿ ಬಿಡಿಸಿಕೊಳ್ಳುತ್ತವೆ ಎಂಬುದನ್ನೂ ನೋಡಿ. ಸರಾಸರಿ ಗಂಟೆಗೆ 40 ಕಿಲೋಮೀಟರ್ ವೇಗ, 2000 ಆರ್‌ಪಿಎಂ ಎಂದಿಟ್ಟುಕೊಂಡರೆ ಒಂದು ಲಕ್ಷ ಕಿಲೋಮೀಟರ್ ಓಡುವಷ್ಟರಲ್ಲಿ ಕ್ರ್ಯಾಂಕ್ 30 ಕೋಟಿ ಸುತ್ತು ಹಾಕಿರುತ್ತದೆ. ಇಷ್ಟಾದರೂ ಚೈನ್‌ಗಳು ಬಾಳುತ್ತವೆ ಎಂದರೆ, ಪಿನ್ನು ಬುಷ್ಷುಗಳ ನಡುವೆ ನಿಂತ ಆಯಿಲ್ ಪದರ ಎಷ್ಟು ದೊಡ್ಡ ಕೆಲಸ ಮಾಡುತ್ತಿದೆ ಎಂದು ಊಹಿಸಬಹುದು.

ಹಾಗಾದರೆ ಸವೆತಕ್ಕೆ ಮುಖ್ಯ ಕಾರಣ ಆಯಿಲ್ಲೇನಾ?

ನನ್ನನ್ನು ಕೇಳಿದರೆ, ಹೌದು. ವಿನ್ಯಾಸದ ದೋಷ ಇರುವ ಎಂಜಿನ್‌ಗಳೂ ಇವೆ. ಆದರೆ ಕವರ್ ತೆಗೆದಾಗ ಚೈನ್ ಜೋತುಬಿದ್ದಿದ್ದರೆ, ಪಕ್ಕದಲ್ಲೇ ಕಪ್ಪು ಗಸಿಯೂ ಅಂಟಿಕೊಂಡಿರುವುದು ತೀರಾ ಸಾಮಾನ್ಯ.

ಡೀಸೆಲ್ ಎಂಜಿನ್ನಿನ ಆಯಿಲ್‌ಗೆ ಮಸಿ ಸೇರುವುದು ಎಲ್ಲರಿಗೂ ಗೊತ್ತು. ಸಿಲಿಂಡರ್ ಒಳಗೇ ನೇರವಾಗಿ ಪೆಟ್ರೋಲ್ ಚಿಮ್ಮಿಸುವ ಈಗಿನ ಎಂಜಿನ್‌ಗಳಲ್ಲೂ ಮಸಿ ಹುಟ್ಟುತ್ತದೆ. ಈ ಕಣ ಎಷ್ಟು ಸಣ್ಣದೆಂದರೆ ಫಿಲ್ಟರಿನಲ್ಲಿ ಬಹುಪಾಲು ನಿಲ್ಲುವುದೇ ಇಲ್ಲ, ಪಿನ್ನು ಬುಷ್ಷುಗಳ ನಡುವೆ ಹೋಗಿ ಮರಳು ಕಾಗದದ ಕೆಲಸ ಮಾಡುತ್ತದೆ. ದಿನಕ್ಕೆ ಎರಡು ಮೂರು ಕಿಲೋಮೀಟರ್ ಮಾತ್ರ ಓಡಿಸಿ ನಿಲ್ಲಿಸುವವರ ಗಾಡಿಯಲ್ಲಿ ಇದರ ಜೊತೆಗೆ ಇನ್ನೊಂದು ತೊಂದರೆ. ಎಂಜಿನ್ ಸರಿಯಾಗಿ ಬಿಸಿಯಾಗದೆ ಇಂಧನವೂ ನೀರಿನಂಶವೂ ಆಯಿಲ್‌ನಲ್ಲೇ ಉಳಿದು ಅದು ತೆಳ್ಳಗಾಗುತ್ತದೆ. ಹೀಗಾಗಿ "ನನ್ನ ಗಾಡಿ ಓಡಿದ್ದೇ ಕಡಿಮೆ" ಎಂಬ ಸಮಾಧಾನ ಚೈನ್‌ಗೆ ಅನ್ವಯಿಸುವುದಿಲ್ಲ. ಹೆದ್ದಾರಿಯಲ್ಲೇ ಎರಡು ಲಕ್ಷ ಓಡಿದ ಗಾಡಿಯ ಚೈನ್ ಮನೆ-ಮಾರುಕಟ್ಟೆ ಓಡಾಡಿದ ಗಾಡಿಯದಕ್ಕಿಂತ ಚೆನ್ನಾಗಿರಬಹುದು.

ಆಯಿಲ್ ಬದಲಿಸುವ ಅಂತರವನ್ನು ಯುರೋಪಿನ ಕೆಲವು ಕಂಪನಿಗಳು 30,000 ಕಿಲೋಮೀಟರ್ ಅಥವಾ ಎರಡು ವರ್ಷದವರೆಗೂ ಎಳೆದವು. ಕಾಗದದ ಮೇಲೆ ಚೆನ್ನಾಗಿ ಕಾಣುವ ಲೆಕ್ಕ ಅದು. ಚೈನ್ ಇರುವ ಟರ್ಬೊ ಎಂಜಿನ್ನಾದರೆ ನಾನಂತೂ ಆ ಗಡುವಿನ ಅರ್ಧಕ್ಕೇ ಆಯಿಲ್ ಬದಲಿಸಿಬಿಡುತ್ತೇನೆ.

ಯಾವ ಆಯಿಲ್ ಹಾಕಬೇಕು? ಗಟ್ಟಿ ಆಯಿಲ್ ಹಾಕಿದರೆ ಸದ್ದು ನಿಲ್ಲುತ್ತದಂತೆ.

ಕಂಪನಿ ಹೇಳಿದ ಗ್ರೇಡು (ಆಯಿಲ್ ಎಷ್ಟು ಗಟ್ಟಿ ಎಂಬುದು), ಕಂಪನಿ ಹೇಳಿದ ದರ್ಜೆ (ಅದರ ಗುಣಮಟ್ಟ). ಪೆಟ್ರೋಲ್ ಎಂಜಿನ್‌ಗಳಿಗೆ 2020ರಲ್ಲಿ ಬಂದ, ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟ್ (ಎಪಿಐ) ನಿಗದಿಪಡಿಸಿದ ಎಸ್‌ಪಿ ದರ್ಜೆಯಲ್ಲಿ ಮೊದಲ ಬಾರಿಗೆ ಚೈನ್ ಸವೆತಕ್ಕೆಂದೇ ಒಂದು ಪರೀಕ್ಷೆ ಸೇರಿತು. ಸೀಕ್ವೆನ್ಸ್ ಎಕ್ಸ್ ಎಂದು ಅದರ ಹೆಸರು. ಟರ್ಬೊ ಎಂಜಿನ್ನನ್ನು ನಿಗದಿತ ಗಂಟೆಗಳ ಕಾಲ ಓಡಿಸಿ ಚೈನ್ ಎಷ್ಟು ಉದ್ದವಾಯಿತೆಂದು ಅಳೆಯುತ್ತಾರೆ. ಶೇಕಡಾ 0.085ಕ್ಕಿಂತ ಹೆಚ್ಚಾದರೆ ಆ ಆಯಿಲ್ ನಪಾಸು. ಒಂದು ಮೀಟರ್ ಚೈನ್‌ಗೆ ಒಂದು ಮಿಲಿಮೀಟರ್ ಕೂಡ ಇಲ್ಲ! ಡಬ್ಬಿಯ ಮೇಲಿನ ಆ ಎರಡಕ್ಷರಕ್ಕೆ ಅರ್ಥವಿದೆ.

ಗಟ್ಟಿ ಆಯಿಲ್ ಸದ್ದನ್ನು ಕೆಲವೊಮ್ಮೆ ತಗ್ಗಿಸುತ್ತದೆ, ಸವೆದದ್ದನ್ನು ತುಂಬಿಕೊಡುವುದಿಲ್ಲ. ಮೇಲಾಗಿ ತಣ್ಣಗಿರುವಾಗ ಗಟ್ಟಿ ಆಯಿಲ್ ಚೈನನ್ನು ಬಿಗಿಹಿಡಿಯುವ ಟೆನ್ಷನರ್ ತಲುಪುವುದು ಇನ್ನೂ ತಡ. ಗಾಡಿ ಮಾರುವ ಹಿಂದಿನ ದಿನ ಇದನ್ನು ಮಾಡುವವರಿದ್ದಾರೆ, ಕೊಳ್ಳುವವರು ನೆನಪಿಟ್ಟುಕೊಳ್ಳಿ. ಸೀಸೆಯಲ್ಲಿ ಮಾರುವ ಔಷಧಿಗಳ ಬಗ್ಗೆ ಹೇಳುವುದೇನೂ ಇಲ್ಲ.

ಟೆನ್ಷನರ್ ಅಂದರೇನು? ಎಲ್ಲರೂ ಅದನ್ನೇ ದೂರುತ್ತಾರೆ.

ಚೈನ್‌ನ ಸಡಿಲ ಬದಿಯನ್ನು ಒತ್ತಿ ಹಿಡಿದಿರುವ ಪುಟ್ಟ ಪಿಸ್ಟನ್ ಅದು. ಒಳಗೆ ಒಂದು ಸ್ಪ್ರಿಂಗ್, ಅದರ ಹಿಂದೆ ಎಂಜಿನ್ ಆಯಿಲ್‌ನ ಒತ್ತಡ. ಹಲವು ಮಾದರಿಗಳಲ್ಲಿ ಮುಂದೆ ಬಂದದ್ದು ಹಿಂದೆ ಸರಿಯದಂತೆ ಕಚ್ಚುವ ಹಲ್ಲಿನ ಪಟ್ಟಿಯೂ ಇರುತ್ತದೆ. ಚೈನ್ ಉದ್ದವಾದಂತೆಲ್ಲ ಟೆನ್ಷನರ್ ಒಂದೊಂದೇ ಹಲ್ಲು ಮುಂದೆ ಬಂದು ಸಡಿಲವನ್ನು ನುಂಗಿಕೊಳ್ಳುತ್ತದೆ. ಅದರ ಕೈ ಪೂರ್ತಿ ಚಾಚಿದ ಮೇಲೆ ಇನ್ನು ನುಂಗಲು ಜಾಗವಿಲ್ಲ, ಅಲ್ಲಿಂದ ಮುಂದೆ ಚೈನ್ ಬಡಿಯತೊಡಗುತ್ತದೆ.

ಚೈನ್ ಜಾರುವ ಗೈಡ್‌ಗಳು ಪ್ಲಾಸ್ಟಿಕ್ಕಿನವು. ವರ್ಷಗಟ್ಟಲೆ ಬಿಸಿ ಆಯಿಲ್‌ನಲ್ಲಿ ಕುದ್ದು ಅವು ಕಂದುಬಣ್ಣಕ್ಕೆ ತಿರುಗಿ ಹಪ್ಪಳದಂತಾಗುತ್ತವೆ. ಜೋತುಬಿದ್ದ ಚೈನ್ ಬಡಿದಾಗ ಚೂರುಚೂರಾಗಿ ಎಂಜಿನ್ನಿನ ತಳದ ಆಯಿಲ್ ತೊಟ್ಟಿಗೆ (ಸಂಪ್) ಬೀಳುತ್ತವೆ. ಆ ಚೂರುಗಳು ಆಯಿಲ್ ಪಂಪಿನ ಜಾಲರಿಗೆ ಅಡ್ಡ ಕುಳಿತರೆ ಒತ್ತಡ ಇಳಿಯುತ್ತದೆ. ಒತ್ತಡ ಇಳಿದರೆ ಟೆನ್ಷನರ್ ಇನ್ನೂ ಸಡಿಲ, ಅದರೊಂದಿಗೆ ಟರ್ಬೊ ಮತ್ತು ಬೇರಿಂಗುಗಳಿಗೂ ಕುತ್ತು. ಎಷ್ಟೋ ಸಲ ಟರ್ಬೊ ಹೋಯಿತೆಂದು ಬಂದ ಗಾಡಿಯ ಮೂಲ ಕಾಯಿಲೆ ಗೈಡಿನದಾಗಿರುತ್ತದೆ.

ಸ್ಟಾರ್ಟ್ ಮಾಡಿದಾಗ ಬರುವ ಸದ್ದು ಚೈನ್‌ನದೇ ಎಂದು ಹೇಗೆ ಹೇಳುವುದು?

ರಾತ್ರಿಯಿಡೀ ನಿಂತ ಗಾಡಿಯ ಟೆನ್ಷನರ್‌ನಿಂದ ಆಯಿಲ್ ಇಳಿದುಹೋಗಿರುತ್ತದೆ. ಪಂಪ್ ಒತ್ತಡ ಕಟ್ಟುವವರೆಗೆ ಚೈನ್ ಗೈಡಿಗೆ ಬಡಿಯುತ್ತದೆ. ಡಬ್ಬಿಯಲ್ಲಿ ಮೊಳೆ ಹಾಕಿ ಅಲ್ಲಾಡಿಸಿದ ಹಾಗೆ ಒಂದು ಗರಗರ. ಹೆಚ್ಚಿನ ಎಂಜಿನ್‌ಗಳಲ್ಲಿ ಚೈನ್ ಕವರಿನ ಬದಿಯಿಂದ, ಅಂದರೆ ಫ್ಯಾನ್ ಬೆಲ್ಟ್ ಇರುವ ಬದಿಯಿಂದ ಕೇಳಿಸುತ್ತದೆ.

ಹೋಲುವ ಸದ್ದುಗಳೂ ಇವೆ. ಕ್ಯಾಮ್‌ನ ಒತ್ತನ್ನು ವಾಲ್ವ್‌ಗೆ ಮುಟ್ಟಿಸುವ ಲಿಫ್ಟರ್‌ನ ಸದ್ದು ಗಡಿಯಾರದಂತೆ ಟಿಕ್ ಟಿಕ್ ಎನ್ನುತ್ತದೆ, ಮೇಲೆ ವಾಲ್ವ್ ಕವರಿನಿಂದ ಬರುತ್ತದೆ. ಸೈಲೆನ್ಸರಿನ ಸಡಿಲ ತಗಡು ಒಂದು ನಿರ್ದಿಷ್ಟ ಆರ್‌ಪಿಎಂಗೆ ಮಾತ್ರ ಝಲ್ ಎನ್ನುತ್ತದೆ. ಕ್ಯಾಮ್‌ನ ತುದಿಯಲ್ಲಿದ್ದು ವಾಲ್ವ್ ತೆರೆಯುವ ಹೊತ್ತನ್ನು ಹಿಂದೆ ಮುಂದೆ ಮಾಡುವ ವಿವಿಟಿ ಗಾಲಿಯೂ ತಣ್ಣಗಿರುವಾಗ ಕಟಕಟ ಅನ್ನಬಹುದು, ಅದನ್ನು ಚೈನ್‌ನಿಂದ ಬೇರ್ಪಡಿಸಿ ಕೇಳುವುದು ಪಳಗಿದ ಕಿವಿಗೂ ಕಷ್ಟ. ಒಮ್ಮೊಮ್ಮೆ ತಪ್ಪು ಅಗ್ಗದ ಆಯಿಲ್ ಫಿಲ್ಟರಿನದು. ಆಯಿಲ್ ಹಿಂದಕ್ಕೆ ಇಳಿಯದಂತೆ ತಡೆಯುವ ರಬ್ಬರ್ ವಾಲ್ವ್ ಅದರಲ್ಲಿ ಸರಿಯಿರುವುದಿಲ್ಲ. ದೊಡ್ಡ ಕೆಲಸಕ್ಕೆ ಕೈ ಹಾಕುವ ಮುಂಚೆ ಒಳ್ಳೆಯ ಫಿಲ್ಟರ್, ಸರಿಯಾದ ಆಯಿಲ್ ಹಾಕಿ ಒಂದು ವಾರ ಕೇಳಿ ನೋಡಿ.

ಎರಡೇ ಸೆಕೆಂಡು ಸದ್ದು. ಹೀಗೇ ಓಡಿಸಬಹುದೇ?

ಅರ್ಧ ಸೆಕೆಂಡು ಬಂದು ನಿಲ್ಲುವ ಸದ್ದು ಹಲವು ಎಂಜಿನ್‌ಗಳಲ್ಲಿ ಹೊಸದರಿಂದಲೂ ಇರುತ್ತದೆ. ಗಮನಿಸಬೇಕಾದ್ದು ಅದು ಬೆಳೆಯುತ್ತಿದೆಯೇ ಎಂಬುದನ್ನು. ಫೋನಿನಲ್ಲಿ ತಿಂಗಳಿಗೊಂದು ಸಲ ಬೆಳಗಿನ ಸ್ಟಾರ್ಟನ್ನು ರೆಕಾರ್ಡ್ ಮಾಡಿಟ್ಟುಕೊಳ್ಳಿ. ದಿನಾ ಕೇಳುವ ಕಿವಿ ಒಗ್ಗಿಹೋಗುತ್ತದೆ, ರೆಕಾರ್ಡಿಂಗ್ ಒಗ್ಗುವುದಿಲ್ಲ. ಸದ್ದು ಮೂರು ಸೆಕೆಂಡು ದಾಟಿದರೆ ಚೈನ್ ಪರೀಕ್ಷೆಗೆ ಕೊಡಿ. ಬಿಸಿ ಎಂಜಿನ್ನಿನಲ್ಲಿ, ಐಡಲ್‌ನಲ್ಲಿ ನಿಂತಾಗಲೂ ಕೇಳಿಸಿದರೆ ಗಾಡಿಯನ್ನು ಓಡಿಸದೆ ಗ್ಯಾರೇಜಿಗೆ ಎಳೆಸಿಕೊಂಡು ಹೋಗುವುದೇ ಅಗ್ಗ.

ಚೆಕ್ ಎಂಜಿನ್ ದೀಪ ಬಂತು, ಸ್ಕ್ಯಾನರ್ ಪಿ0016 ತೋರಿಸುತ್ತಿದೆ. ಚೈನ್ ಹೋಯಿತೇ?

ಪಿ0016ರಿಂದ ಪಿ0019ರವರೆಗಿನ ಕೋಡ್‌ಗಳು ಹೇಳುವುದು ಇಷ್ಟೇ: ಕ್ರ್ಯಾಂಕ್ ಸೆನ್ಸರ್ ಹೇಳುವುದಕ್ಕೂ ಕ್ಯಾಮ್ ಸೆನ್ಸರ್ ಹೇಳುವುದಕ್ಕೂ ತಾಳೆಯಾಗುತ್ತಿಲ್ಲ. ಚೈನ್ ಉದ್ದವಾದರೆ ಹೀಗಾಗುತ್ತದೆ. ವಿವಿಟಿ ಗಾಲಿ ಸಿಕ್ಕಿಹಾಕಿಕೊಂಡರೂ, ಅದಕ್ಕೆ ಆಯಿಲ್ ಬಿಡುವ ವಾಲ್ವ್ ಗಸಿಯಿಂದ ಕಟ್ಟಿಕೊಂಡರೂ, ಸೆನ್ಸರ್ ಅಥವಾ ವೈರಿಂಗ್ ಕೆಟ್ಟರೂ ಹೀಗೇ ಆಗುತ್ತದೆ. ಪಿ0340 ಮಾತ್ರ ಬಂದಿದ್ದರೆ ಮೊದಲು ಕ್ಯಾಮ್ ಸೆನ್ಸರ್ ಮತ್ತು ಅದರ ತಂತಿಯ ಕಡೆ ನೋಡಬೇಕು.

ವಿವಿಟಿ ಇರುವ ಎಂಜಿನ್ನಿನ ಒಂದು ಕಪಟ ಹೇಳಬೇಕು. ಚೈನ್ ಸ್ವಲ್ಪ ಉದ್ದವಾದಾಗ ಕಂಪ್ಯೂಟರ್ ಕ್ಯಾಮನ್ನು ಅಷ್ಟೇ ಮುಂದಕ್ಕೆ ತಿರುಗಿಸಿ ಸರಿದೂಗಿಸಿಕೊಳ್ಳುತ್ತದೆ. ಓಡಿಸುವವರಿಗೆ ಏನೂ ಗೊತ್ತಾಗುವುದಿಲ್ಲ. ಸರಿದೂಗಿಸುವ ಮಿತಿ ಮುಗಿದ ದಿನವೇ ದೀಪ ಹತ್ತುವುದು. ಅಂದರೆ ದೀಪ ಬಂದಾಗ ಸವೆತ ಶುರುವಾಗಿ ಬಹಳ ಕಾಲವಾಗಿರುತ್ತದೆ.

ಎಂಜಿನ್ ಬಿಚ್ಚದೆ ಚೈನ್ ಪರೀಕ್ಷೆ ಸಾಧ್ಯವೇ?

ಸಾಕಷ್ಟು ಮಟ್ಟಿಗೆ ಸಾಧ್ಯ. ಒಳ್ಳೆಯ ಸ್ಕ್ಯಾನರ್ ಕ್ಯಾಮ್ ಎಷ್ಟು ಡಿಗ್ರಿ ಹಿಂದೆ ಬಿದ್ದಿದೆ ಎಂದು ತೋರಿಸುತ್ತದೆ, ಕಂಪನಿಯ ಮಿತಿಯೊಡನೆ ಹೋಲಿಸಬೇಕು. ವಿ ಆಕಾರದ ಎಂಜಿನ್ನಿನಲ್ಲಿ ಎರಡೂ ಬದಿಯ ಕ್ಯಾಮ್‌ಗಳು ಒಂದೇ ಅಳತೆ ಹಿಂದೆ ಬಿದ್ದಿದ್ದರೆ ಅನುಮಾನ ಎರಡಕ್ಕೂ ಸೇರಿದ ಮುಖ್ಯ ಚೈನ್ ಮೇಲೆ. ಒಂದೇ ಬದಿಯಾದರೆ ಆ ಬದಿಯ ಚೈನ್ ಮೇಲೆ. ಕ್ಯಾಮ್, ಕ್ರ್ಯಾಂಕ್ ಸೆನ್ಸರ್‌ಗಳ ಅಲೆಗಳನ್ನು ಆಸಿಲೋಸ್ಕೋಪಿನಲ್ಲಿ ಒಂದರ ಮೇಲೊಂದಿಟ್ಟು ನೋಡುವುದು ಇನ್ನೂ ನಿಖರ. ಫೋಕ್ಸ್‌ವ್ಯಾಗನ್‌ನ ಕೆಲವು ಪೆಟ್ರೋಲ್ ಎಂಜಿನ್‌ಗಳಲ್ಲಿ ಕವರಿನ ಪುಟ್ಟ ಕಿಂಡಿ ತೆಗೆದು ಟೆನ್ಷನರ್ ಎಷ್ಟು ಗೆರೆ ಹೊರಗೆ ಬಂದಿದೆಯೆಂದು ಎಣಿಸಬಹುದು. ಇವೇನೂ ಇಲ್ಲದಿದ್ದರೆ ಆಯಿಲ್ ಬದಲಿಸುವಾಗ ಹಳೆಯ ಫಿಲ್ಟರನ್ನು ಕತ್ತರಿಸಿ ನೋಡಿ. ಮಿರುಗುವ ಲೋಹದ ಪುಡಿಯೋ ಪ್ಲಾಸ್ಟಿಕ್ ಚೂರೋ ಸಿಕ್ಕರೆ ಅದೇ ಉತ್ತರ.

ಚೈನ್ ಹಾರಿದರೆ ಅಥವಾ ಕಡಿದರೆ ಏನಾಗುತ್ತದೆ?

40 ಹಲ್ಲಿನ ಕ್ಯಾಮ್ ಸ್ಪ್ರಾಕೆಟ್ಟಿನ ಮೇಲೆ ಒಂದೇ ಹಲ್ಲು ಹಾರಿದರೂ ಕ್ರ್ಯಾಂಕಿನ ಲೆಕ್ಕದಲ್ಲಿ 18 ಡಿಗ್ರಿ ತಪ್ಪುತ್ತದೆ. ಗಾಡಿ ನಡುಗುತ್ತದೆ, ಎಳೆಯುವುದಿಲ್ಲ, ಸ್ಟಾರ್ಟ್ ಆಗಲು ಸತಾಯಿಸುತ್ತದೆ. ಎರಡು ಮೂರು ಹಲ್ಲು ಹಾರಿದರೆ ಹಲವು ಎಂಜಿನ್‌ಗಳಲ್ಲಿ ತೆರೆದ ವಾಲ್ವ್‌ಗೆ ಪಿಸ್ಟನ್ ಬಂದು ಗುದ್ದುತ್ತದೆ. ಇಂದಿನ ಹೆಚ್ಚಿನ ಎಂಜಿನ್‌ಗಳಲ್ಲಿ ಇವೆರಡರ ಜಾಗ ಒಂದೇ, ಹೊತ್ತು ಮಾತ್ರ ಬೇರೆ. ಹೊತ್ತು ತಪ್ಪಿತೋ, ವಾಲ್ವ್ ಬಾಗುತ್ತದೆ, ವಾಲ್ವ್‌ನ ಗೈಡ್ ಒಡೆಯುತ್ತದೆ. ವೇಗದಲ್ಲಿದ್ದಾಗ ಕಡಿದರೆ ವಾಲ್ವ್ ತಲೆ ಮುರಿದು ಪಿಸ್ಟನ್ನಿಗೇ ತೂತು ಬೀಳಬಹುದು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.

ಚೈನ್ ಇದ್ದಕ್ಕಿದ್ದಂತೆ ತುಂಡಾಗುವುದು ಅಪರೂಪ ಎನ್ನುವುದನ್ನೂ ಹೇಳಿಬಿಡುತ್ತೇನೆ. ಮೊದಲು ಉದ್ದವಾಗುತ್ತದೆ, ಬಡಿಯುತ್ತದೆ, ಗೈಡ್ ಒಡೆಯುತ್ತದೆ, ಹಲ್ಲು ಹಾರುತ್ತದೆ.

ಓಡುತ್ತಿದ್ದಾಗಲೇ ಎಂಜಿನ್ ನಿಂತುಹೋಯಿತು. ಏನು ಮಾಡಲಿ?

ಮತ್ತೆ ಸ್ಟಾರ್ಟ್ ಮಾಡಬೇಡಿ. "ಇನ್ನೊಂದೇ ಒಂದು ಸಲ ನೋಡೋಣ" ಎಂಬ ಆಸೆಯೇ ಎಷ್ಟೋ ಹೆಡ್‌ಗಳನ್ನು ತಿಂದಿದೆ. ಒಂದು ಹಲ್ಲು ಹಾರಿ ಉಳಿದುಕೊಂಡಿದ್ದ ವಾಲ್ವ್‌ಗಳು ಆ ಎರಡನೇ ಪ್ರಯತ್ನದಲ್ಲಿ ಬಾಗಬಹುದು. ನೀವಾಗಲೇ ಸ್ಟಾರ್ಟರ್ ತಿರುಗಿಸಿದ್ದರೆ ಸದ್ದು ನೆನಪು ಮಾಡಿಕೊಳ್ಳಿ: ಎಂದಿನ ಏರಿಳಿತವಿಲ್ಲದೆ ಎಂಜಿನ್ ಸುಯ್ಯನೆ ಹಗುರವಾಗಿ ತಿರುಗಿದ್ದರೆ ಸಿಲಿಂಡರ್‌ಗಳಲ್ಲಿ ಕಂಪ್ರೆಷನ್ ಇಲ್ಲ, ಚೈನ್ ಸುದ್ದಿ ಕೆಟ್ಟದ್ದೇ. ತಳ್ಳಿ ಸ್ಟಾರ್ಟ್ ಮಾಡುವುದಂತೂ ಬೇಡವೇ ಬೇಡ. ಬೋರೋಸ್ಕೋಪ್ (ಸಪೂರ ಕ್ಯಾಮೆರಾ) ಇಳಿಸಿ ಪಿಸ್ಟನ್ ತಲೆಯ ಮೇಲೆ ವಾಲ್ವ್ ಗುದ್ದಿದ ಅರ್ಧಚಂದ್ರದ ಗುರುತಿದೆಯೇ ಎಂದು ಮೆಕ್ಯಾನಿಕ್ ನೋಡಲಿ.

ಚೈನ್ ಮಾತ್ರ ಬದಲಿಸಿದರೆ ಸಾಲದೇ?

ಸಾಲದು. ಸವೆದ ಚೈನ್ ತನ್ನ ಅಳತೆಗೆ ಸ್ಪ್ರಾಕೆಟ್ ಹಲ್ಲುಗಳನ್ನೂ ಕೆತ್ತಿರುತ್ತದೆ, ಹಳೆಯ ಹಲ್ಲಿನ ಮೇಲೆ ಹೊಸ ಚೈನ್ ಬೇಗ ಹಾಳಾಗುತ್ತದೆ. ಚೈನ್, ಸ್ಪ್ರಾಕೆಟ್, ಗೈಡ್, ಟೆನ್ಷನರ್, ಸೀಲ್ ಎಲ್ಲ ಸೆಟ್ಟಾಗಿ ಹಾಕಬೇಕು. ಒಮ್ಮೆ ಬಿಗಿದರೆ ಹಿಗ್ಗುವ ಬೋಲ್ಟ್‌ಗಳನ್ನು ಮತ್ತೆ ಬಳಸಬಾರದು. ಸಂಪ್ ಬಿಚ್ಚಿ ಪಂಪಿನ ಜಾಲರಿಯನ್ನು ಶುಚಿ ಮಾಡಲೇಬೇಕು. ಇದೊಂದನ್ನು ಬಿಟ್ಟು ಉಳಿದೆಲ್ಲ ಹೊಸದು ಹಾಕಿದ ಕೆಲಸ ನೀರಿನಲ್ಲಿ ಹೋಮ ಮಾಡಿದಂತೆ.

ಮೆಕ್ಯಾನಿಕ್‌ರನ್ನು ಎರಡು ಪ್ರಶ್ನೆ ಕೇಳಿ. ಶಾಫ್ಟ್‌ಗಳನ್ನು ಅಲುಗದಂತೆ ಹಿಡಿದಿಡುವ, ಆ ಎಂಜಿನ್ನಿನದೇ ಲಾಕಿಂಗ್ ಟೂಲ್ ಇದೆಯೇ? ಕೆಲವು ಎಂಜಿನ್‌ಗಳಲ್ಲಿ ಕ್ರ್ಯಾಂಕ್ ಸ್ಪ್ರಾಕೆಟ್ಟಿಗೆ ಜಾರದಂತೆ ಕಚ್ಚಿ ಹಿಡಿಯುವ ಲೋಹದ ಕೀಲಿಯೇ ಇರುವುದಿಲ್ಲ, ಬೋಲ್ಟಿನ ಬಿಗಿತ ಒಂದೇ ಅದನ್ನು ಹಿಡಿದಿರುತ್ತದೆ. ಅಂಥ ಕಡೆ ಸುಣ್ಣದ ಗುರುತು ಹಾಕಿ ಅಂದಾಜಿನಲ್ಲಿ ಕೂಡಿಸುವುದು ಅಪಾಯ. ಎರಡನೆಯದು, ಸ್ಟಾರ್ಟ್ ಮಾಡುವ ಮೊದಲು ಕ್ರ್ಯಾಂಕನ್ನು ಕೈಯಿಂದ ಪೂರ್ತಿ ಎರಡು ಸುತ್ತು ತಿರುಗಿಸಿ ಗುರುತು ತಾಳೆ ನೋಡುತ್ತಾರೆಯೇ? ಹೊಸ ಟೆನ್ಷನರನ್ನು ಒಳಗೊತ್ತಿ ಹಿಡಿದಿರುವ ಪಿನ್ ಎಳೆಯಲು ಮರೆತಿದ್ದರೂ ಆ ಎರಡು ಸುತ್ತಿನಲ್ಲೇ ಸಿಕ್ಕಿಬೀಳುತ್ತದೆ.

ಇಷ್ಟೊಂದು ಖರ್ಚು ಯಾಕೆ? ಮೂಗಿಗಿಂತ ಮೂಗುತಿ ಭಾರ ಆಯಿತು.

ಬಿಡಿಭಾಗಕ್ಕಿಂತ ಅಲ್ಲಿಗೆ ತಲುಪುವ ಕೂಲಿ ಹೆಚ್ಚು. ಬಿಎಂಡಬ್ಲ್ಯೂದ ಎನ್47 ಡೀಸೆಲ್ ಎಂಜಿನ್ ಇದಕ್ಕೆ ಹೆಸರುವಾಸಿ. ಅದರ ಚೈನ್ ಮುಂದೆ ಇಲ್ಲ, ಹಿಂದೆ ಗೇರ್‌ಬಾಕ್ಸ್ ಬದಿಗಿದೆ. ಚೈನ್ ಕೆಲಸಕ್ಕೆ ಸಾಮಾನ್ಯವಾಗಿ ಎಂಜಿನ್ನನ್ನೇ ಹೊರಗೆ ಎತ್ತಬೇಕಾಗುತ್ತದೆ. ಆಡಿಯ ಕೆಲವು ವಿ8 ಎಂಜಿನ್‌ಗಳದೂ ಇದೇ ಕಥೆ. ಚೈನ್ ಯಾವತ್ತೂ ಕೆಡುವುದಿಲ್ಲ ಎಂಬ ಭರವಸೆಯಲ್ಲಿ ಅದನ್ನು ಕೈಗೆಟುಕದ ಜಾಗದಲ್ಲಿ ಇಟ್ಟವರ ಬಗ್ಗೆ ನನಗೆ ಅಷ್ಟೇನೂ ಗೌರವವಿಲ್ಲ.

ಇಳಿಜಾರಿನಲ್ಲಿ ಗೇರ್ ಹಾಕಿ ನಿಲ್ಲಿಸಬಾರದು ಎನ್ನುತ್ತಾರೆ, ನಿಜವೇ?

ಎಲ್ಲ ಗಾಡಿಗೂ ಅಲ್ಲ. ಟೆನ್ಷನರ್ ಸೋತಿರುವ ಎಂಜಿನ್ನಿಗೆ ನಿಜ. ಹ್ಯಾಂಡ್‌ಬ್ರೇಕ್ ಹಾಕದೆ ಬರೀ ಗೇರಿನ ಮೇಲೆ ಬಿಟ್ಟರೆ ಗಾಡಿಯ ಭಾರ ಕ್ರ್ಯಾಂಕನ್ನು ಹಿಮ್ಮುಖವಾಗಿ ತಳ್ಳಬಹುದು. ಆಗ ಎಳೆತ ಟೆನ್ಷನರ್ ಇರುವ ಬದಿಗೆ ಬೀಳುತ್ತದೆ, ಆಯಿಲ್ ಒತ್ತಡವಿಲ್ಲದ ಟೆನ್ಷನರ್ ಒಳಗೆ ಸರಿದು ಚೈನ್ ಹಲ್ಲು ಹಾರಬಹುದು. ಮೊದಲು ಹ್ಯಾಂಡ್‌ಬ್ರೇಕ್ ಎಳೆದು ಗಾಡಿಯ ಭಾರ ಅದರ ಮೇಲೆ ನಿಂತ ಮೇಲೆ ಗೇರ್ ಹಾಕಿ.

ಸೆಕೆಂಡ್ ಹ್ಯಾಂಡ್ ಗಾಡಿ ನೋಡಲು ಹೋಗುತ್ತಿದ್ದೇನೆ.

ಬೆಳಿಗ್ಗೆ ಹೋಗಿ, "ನಾನು ಬರುವವರೆಗೆ ಸ್ಟಾರ್ಟ್ ಮಾಡಬೇಡಿ" ಎಂದು ಮೊದಲೇ ಹೇಳಿ. ಹೋದ ಕೂಡಲೇ ಬಾನೆಟ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಕಾರಣ ಕೇಳಿ, ಇಲ್ಲವೇ ಮರುದಿನ ಬನ್ನಿ. ಬಾನೆಟ್ ತೆರೆದಿಟ್ಟು, ಮ್ಯೂಸಿಕ್ಕು ಏಸಿ ಆರಿಸಿ, ಇನ್ನೊಬ್ಬರಿಂದ ಸ್ಟಾರ್ಟ್ ಮಾಡಿಸಿ ಕವರಿನ ಬದಿಯಲ್ಲಿ ನಿಂತು ಕೇಳಿ. ಆಯಿಲ್ ಹಾಕುವ ಮುಚ್ಚಳ ತೆಗೆದು ಒಳಗೆ ಗಸಿ ಕಟ್ಟಿದೆಯೇ ನೋಡಿ. ಆಯಿಲ್ ಬದಲಿಸಿದ ರಸೀದಿಗಳ ತಾರೀಕು ಲೆಕ್ಕ ಹಾಕಿ, ಒಂದೆರಡು ವರ್ಷದ ಖಾಲಿ ಜಾಗ ಸಿಕ್ಕರೆ ಚೈನ್ ಖರ್ಚನ್ನು ಬೆಲೆಯಲ್ಲಿ ಕಳೆದು ಮಾತಾಡಿ.

ಹೊಸ ಚೈನ್ ಹಾಕಿಸಿದ ಮೇಲೂ ಮೊದಲ ಸ್ಟಾರ್ಟಿಗೆ ಗರಗರ ಎಂದಿತು. ಮೋಸವಾಯಿತೇ?

ಹೊಸ ಟೆನ್ಷನರ್‌ಗೆ ಆಯಿಲ್ ತುಂಬಿಕೊಳ್ಳಲು ಮೊದಲ ಸಲ ಕೆಲವು ಸೆಕೆಂಡು ಬೇಕು, ಆ ಸದ್ದು ಒಂದೇ ಸಲಕ್ಕೆ ಮುಗಿಯಬೇಕು. ಮರುದಿನ ಬೆಳಿಗ್ಗೆಯೂ ಬಂದರೆ ಆಯಿಲ್ ಒತ್ತಡ ಅಳೆಸಿ, ವಿವಿಟಿ ಗಾಲಿ ನೋಡಿಸಿ. ಹಳೆಯ ಭಾಗಗಳನ್ನು ಗ್ಯಾರೇಜಿನಿಂದ ಕೇಳಿ ಪಡೆದುಕೊಂಡಿದ್ದರೆ ಹಳೆಯ ಚೈನನ್ನು ಹೊಸದರ ಪಕ್ಕ ಇಟ್ಟ ಫೋಟೋ ಒಂದನ್ನಾದರೂ ತೆಗೆಸಿಡಿ. ಎಷ್ಟು ಉದ್ದವಾಗಿತ್ತು ಎಂಬುದು ಅಲ್ಲೇ ಕಾಣುತ್ತದೆ.